ಕೈಯಿಂದ ಗುದ್ದಲಿ ಕಸ್ಕೋಬೇಡಿ: ಪಾರ್ಕಿನ್ಸನ್ ಇರುವ ಹಿರಿಯರಿಗೆ ಯಾವ ವ್ಯಾಯಾಮ, ಎಷ್ಟು, ಯಾವಾಗ?

ಈ ವಾರ ಗೊಬ್ಬರ, ರೋಗ, ರೇಟು ಯಾವುದೂ ಇಲ್ಲ. ನಿಮ್ಮ ಮನೆಯಲ್ಲಿ ಅಪ್ಪನಿಗೋ, ಅಜ್ಜಿಗೋ, ದೊಡ್ಡಪ್ಪನಿಗೋ ಕೈ ನಡುಗುವ ಕಾಯಿಲೆ ಇದ್ದರೆ ಈ ಬರಹ ನಿಮಗೆ. ಇಲ್ಲದಿದ್ದರೂ ಒಮ್ಮೆ ಓದಿ. ಯಾಕಂದ್ರೆ ಶುರುವಿನಲ್ಲಿ ಇದು ಗೊತ್ತಾಗೋದೇ ಇಲ್ಲ. ನಮಗೂ ಗೊತ್ತಾಗಲಿಲ್ಲ.

ನಮ್ಮದು ತುಮಕೂರು ಜಿಲ್ಲೆ. ಮೂರು ಎಕರೆ ತೆಂಗು, ಅದರೊಳಗೆ ಅಡಿಕೆ, ಬಾಳೆ, ಪಕ್ಕದಲ್ಲಿ ಅರ್ಧ ಎಕರೆ ತರಕಾರಿ. ನಾನು ತೋಟಗಾರಿಕೆ ಪದವಿ ಓದಿ, ಎರಡು ವರ್ಷ ಹೊರಗೆ ಕೆಲಸ ಮಾಡಿ, ಊರಿಗೆ ವಾಪಸ್ ಬಂದು ಸಾವಯವಕ್ಕೆ ಇಳಿದವನು. ಅಪ್ಪನಿಗೆ ಪಾರ್ಕಿನ್ಸನ್ ಅಂತ ಗೊತ್ತಾಗಿ ಈಗ ನಾಲ್ಕು ವರ್ಷ. ಆಗ ಅವರಿಗೆ 61.

ಈಗ ಹಿಂದಿರುಗಿ ನೋಡಿದರೆ ಸೂಚನೆಗಳು ಬೇಕಾದಷ್ಟು ಇದ್ದವು. ಕಾಯಿ ಲೆಕ್ಕ ಬರೆಯುವ ಪುಸ್ತಕದಲ್ಲಿ ಅಪ್ಪನ ಅಕ್ಷರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದಿತ್ತು. ಸಾಲಿನ ಮೊದಲಲ್ಲಿ ಸುಮಾರಾಗಿ ಇದ್ದದ್ದು ಕೊನೆಗೆ ಇರುವೆ ಸಾಲು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಬಲಗಾಲಿನ ಚಪ್ಪಲಿ ಮಾತ್ರ ಮುಂದೆ ಸವೆದಿರುತ್ತಿತ್ತು. ಜೀವಾಮೃತದ ಡ್ರಮ್ಮಿನ ಮುಚ್ಚಳ ತೆಗೆದರೆ ನಾವೆಲ್ಲ ಮೂಗು ಮುಚ್ಚಿಕೊಂಡರೂ ಅವರಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ. ರಾತ್ರಿ ನಿದ್ದೆಯಲ್ಲಿ ಕೂಗೋದು, ಕಾಲು ಝಾಡಿಸೋದು. ಭುಜ ಹಿಡ್ಕೊಂಡಿದೆ ಅಂತ ಒಂದು ವರ್ಷ ಎಣ್ಣೆ ಹಚ್ಚಿ ತಿಕ್ಕಿದೆವು. ವಯಸ್ಸಾಯ್ತು ಅಂದುಕೊಂಡೆವು. ಕೊನೆಗೆ ಸುಮ್ಮನೆ ಕೂತಾಗ ಹೆಬ್ಬೆರಳು ತೋರುಬೆರಳು ಉಜ್ಜಿದ ಹಾಗೆ ನಡುಗೋಕೆ ಶುರುವಾದ ಮೇಲೆ ನರರೋಗ ತಜ್ಞರ ಹತ್ತಿರ ಹೋದದ್ದು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಈ ಬರಹ ಅದಕ್ಕೋಸ್ಕರವೇ.

"ಬಿಡಪ್ಪ, ನಾನ್ ಮಾಡ್ತೀನಿ"

ಮಾತ್ರೆ ಶುರುವಾದ ದಿನದಿಂದ ಅಪ್ಪನ ಕೈಯಿಂದ ಒಂದೊಂದೇ ಕೆಲಸ ಕಿತ್ಕೊಂಡೆ. "ಬಿಡಪ್ಪ, ನೀನ್ ಕೂತ್ಕೋ." ಗುದ್ದಲಿ ಕಿತ್ಕೊಂಡೆ, ಮೋಟ್ರು ಆನ್ ಮಾಡೋದು ಕಿತ್ಕೊಂಡೆ, ಡೇರಿಗೆ ಹಾಲು ಹಾಕೋದೂ ಕಿತ್ಕೊಂಡೆ. ಅಮ್ಮ ಅಂಗಿ ಗುಂಡಿ ತಾನೇ ಹಾಕೋಳು, ಅನ್ನ ಕಲೆಸಿ ಕೊಡೋಳು. ಎಲ್ಲಾ ಪ್ರೀತಿಯಿಂದಲೇ. ಎಂಟು ತಿಂಗಳಲ್ಲಿ ಅಪ್ಪ ಜಗುಲಿ ಬಿಟ್ಟು ಏಳದ ಹಾಗಾದರು. ಬೆನ್ನು ಬಾಗಿತು, ಮಾತು ಮೆಲ್ಲಗಾಯಿತು, ಎರಡು ಸಲ ಬಚ್ಚಲ ಹತ್ತಿರ ಬಿದ್ದರು. ಮಾತ್ರೆ ಡೋಸು ಸಾಲುತ್ತಿಲ್ಲ ಅಂದುಕೊಂಡು ಮತ್ತೆ ಆಸ್ಪತ್ರೆಗೆ ಕರಕೊಂಡು ಹೋದೆ.

ಅಲ್ಲಿ ಫಿಸಿಯೋಥೆರಪಿ ಮೇಡಂ ಕೇಳಿದ ಮೊದಲನೇ ಪ್ರಶ್ನೆ: "ಇವರನ್ನ ಕೂರ್ಸಿದ್ದು ಯಾರು?"

ನಾನೇ ಅಂದೆ. ನಾಳೆಯಿಂದಲೇ ತೋಟಕ್ಕೆ ಕಳಿಸ್ತೀನಿ ಅಂತಲೂ ಅಂದೆ. ಅದಕ್ಕೆ ಅವರು, "ಕಳಿಸಿ, ಒಳ್ಳೇದು. ಆದ್ರೆ ಅದು ಕೆಲಸ. ನಾನು ಹೇಳ್ತಿರೋದು ವ್ಯಾಯಾಮ. ಎರಡೂ ಬೇರೆ" ಅಂದರು.

ಹಳ್ಳಿಯಲ್ಲಿ ನಮಗೆ ಈ ಮಾತು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲ್ಲ. ದಿನವಿಡೀ ಮೈಮುರಿದು ದುಡಿಯುವವನಿಗೆ ಮತ್ತೆ ಯಾತರ ವ್ಯಾಯಾಮ? ಆದರೆ ಈ ಕಾಯಿಲೆಯಲ್ಲಿ ಆ ವ್ಯತ್ಯಾಸವೇ ಮುಖ್ಯ. ಯಾಕೆ ಅಂತ ನೋಡೋಣ.

ಒಳಗೆ ಏನಾಗುತ್ತೆ?

1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನುವ ವೈದ್ಯ ಈ ಕಾಯಿಲೆಯ ಬಗ್ಗೆ ಪುಸ್ತಕ ಬರೆದ. ಅದಕ್ಕೇ ಈ ಹೆಸರು. ಅವನ ಹುಟ್ಟುಹಬ್ಬ ಏಪ್ರಿಲ್ 11, ಅದೇ ವಿಶ್ವ ಪಾರ್ಕಿನ್ಸನ್ ದಿನ. ನಮ್ಮ ಕಡೆ ಕಂಪವಾತ ಅಂತಲೂ ಕರೀತಾರೆ.

ಮಿದುಳಿನ ಬುಡದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ನರಕೋಶಗಳಿವೆ. ನಡೆಯುವಾಗ ಕೈ ಬೀಸೋದು, ಮಾತಾಡುವಾಗ ಮುಖ ಅರಳೋದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸೋದು, ಹೀಗೆ ಯೋಚನೆ ಮಾಡದೆ ತಾನಾಗೇ ಆಗುವ ಚಲನೆಗಳು ಸಲೀಸಾಗಿ ನಡೆಯೋಕೆ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಆ ಕೋಶಗಳು ನಿಧಾನಕ್ಕೆ ಸಾಯುತ್ತವೆ. ಚಲನೆ ನಿಧಾನ ಆಗುತ್ತೆ, ಸಣ್ಣದಾಗುತ್ತೆ, ಮೈ ಬಿಗಿಯುತ್ತೆ, ಸಮತೋಲನ ತಪ್ಪುತ್ತೆ. ನಡುಕ ಎಲ್ಲರಿಗೂ ಇರಲೇಬೇಕು ಅಂತೇನಿಲ್ಲ.

ನನಗೆ ಅರ್ಥ ಆದ ರೀತಿಯಲ್ಲಿ ಹೇಳ್ತೀನಿ. ತೋಟದ ಗೇಟ್‌ವಾಲ್ವ್ ಅರ್ಧ ಮಾತ್ರ ತೆರೆದಿದೆ, ಆದರೆ ಪಕ್ಕದ ಮೀಟರು ಪೂರ್ತಿ ತೆರೆದಿದೆ ಅಂತ ತೋರಿಸ್ತಿದೆ ಅಂದ್ಕೊಳ್ಳಿ. ಅಪ್ಪನ ಮಿದುಳಲ್ಲಿ ಆಗ್ತಿರೋದು ಇದೇ. ಅರ್ಧ ಅಡಿ ಹೆಜ್ಜೆ ಹಾಕಿದರೂ ಅವರಿಗೆ ಸರಿಯಾದ ಹೆಜ್ಜೆ ಹಾಕಿದ ಹಾಗೇ ಅನ್ನಿಸುತ್ತೆ. ಮೆಲ್ಲಗೆ ಮಾತಾಡಿದರೂ ಜೋರಾಗೇ ಹೇಳಿದ ಹಾಗೆ ಅನ್ನಿಸುತ್ತೆ. "ಇದೇನು ಕಿರುಚಾಡ್ತಿದೀನಿ ಅನ್ಸುತ್ತಲ್ಲೋ" ಅಂತ ಅವರು ಅಂದಾಗಲೇ ನಮಗೆ ಸರಿಯಾಗಿ ಕೇಳಿಸುತ್ತಿದ್ದದ್ದು.

ಇಲ್ಲಿ ಒಂದು ಒಳ್ಳೆ ಸುದ್ದಿಯೂ ಇದೆ. ತಾನಾಗೇ ಆಗುವ ದಾರಿ ಕೆಟ್ಟಿದ್ದರೂ, ಗಮನ ಇಟ್ಟು ಬೇಕು ಅಂತಲೇ ಮಾಡುವ ಚಲನೆಗೆ ಮಿದುಳಲ್ಲಿ ಬೇರೆ ದಾರಿಗಳಿವೆ. ಗುರಿ ಇಟ್ಟ ವ್ಯಾಯಾಮ ಅಂದ್ರೆ ಆ ದಾರಿಯನ್ನ ದಿನಾ ಬಳಸಿ ರೂಢಿ ಮಾಡೋದು.

ತೋಟದ ಕೆಲಸ ಯಾಕೆ ಸಾಲದು?

ಮೂರು ಕಾರಣ.

ಒಂದು, ನಮ್ಮ ಬಹುತೇಕ ಕೆಲಸ ಬಗ್ಗಿ ಮಾಡೋದು. ಕಳೆ ಕೀಳೋದು, ಬೀಜ ಊರೋದು, ಅಡಿಕೆ ಆರಿಸೋದು. ಪಾರ್ಕಿನ್ಸನ್ ಮೊದಲೇ ಬೆನ್ನು ಬಗ್ಗಿಸುತ್ತೆ. ಬಗ್ಗಿ ಮಾಡುವ ಕೆಲಸ ಅದಕ್ಕೆ ಇನ್ನಷ್ಟು ಸೇರಿಸುತ್ತೆ.

ಎರಡು, ನಲವತ್ತು ವರ್ಷದ ರೂಢಿಯ ಕೆಲಸ. ಕೈ ತಾನಾಗೇ ಹೋಗುತ್ತೆ, ಗಮನ ಬೇಕಿಲ್ಲ. ಅಂದ್ರೆ ಕೆಟ್ಟಿರುವ ದಾರಿಯಲ್ಲೇ ಕೆಲಸ ನಡೀತಿದೆ. ದಿನದಿಂದ ದಿನಕ್ಕೆ ಚಲನೆ ಸಣ್ಣದಾಗುತ್ತಾ ಹೋದರೂ ಅವರಿಗೆ ತಿಳಿಯಲ್ಲ.

ಮೂರು, ಉಸಿರು ಏರುವಷ್ಟು ಜೋರು ಇರಲ್ಲ. ಸ್ವಲ್ಪ ಮಾಡಿ, ನಿಂತು, ಬೀಡಿ ಹಚ್ಚಿ, ಮತ್ತೆ ಸ್ವಲ್ಪ. ಇಡೀ ದಿನ ಸುಸ್ತಾಗಿರುತ್ತೆ, ಆದರೆ ಎದೆಬಡಿತ ಒಂದು ಮಟ್ಟಕ್ಕೆ ಏರಿ ಅರ್ಧ ಗಂಟೆ ಅಲ್ಲೇ ನಿಂತಿರಲ್ಲ.

ಕೆಲಸ ಬಿಡಿಸಬೇಡಿ. ಕೆಲಸ ಅವರ ಮರ್ಯಾದೆ. ಆದರೆ ಅದರ ಜೊತೆಗೆ ದಿನಕ್ಕೆ 30ರಿಂದ 45 ನಿಮಿಷ ಬೇರೆಯಾಗಿ ಎತ್ತಿಡಿ.

ನಾಲ್ಕು ಬಗೆ, ವಾರದ ಲೆಕ್ಕ

ಅಮೆರಿಕದ ಪಾರ್ಕಿನ್ಸನ್ಸ್ ಫೌಂಡೇಶನ್, ಅಲ್ಲಿನ ಕ್ರೀಡಾ ವೈದ್ಯಕೀಯ ಕಾಲೇಜಿನ ಜೊತೆ ಸೇರಿ 2021ರಲ್ಲಿ ಒಂದು ಶಿಫಾರಸು ಕೊಟ್ಟಿದೆ. ವಾರಕ್ಕೆ ಒಟ್ಟು 150 ನಿಮಿಷದ ಗುರಿ, ನಾಲ್ಕು ಬಗೆಯ ವ್ಯಾಯಾಮ. ನಾವು ಅದನ್ನ ನಮ್ಮ ತೋಟಕ್ಕೆ ಹೊಂದಿಸಿಕೊಂಡಿದ್ದು ಹೀಗೆ.

1. ಉಸಿರು ಏರಿಸುವ ವ್ಯಾಯಾಮ: ವಾರಕ್ಕೆ ಕನಿಷ್ಠ 3 ದಿನ, ಪ್ರತಿ ಸಲ 30 ನಿಮಿಷ. ಅಪ್ಪ ತೋಟದ ಬೇಲಿ ಪಕ್ಕದ ಗಾಡಿದಾರಿಯಲ್ಲಿ ಬಿರುಸಾಗಿ ನಡೀತಾರೆ. ಅಳತೆ ಸುಲಭ: ನಡೆಯುವಾಗ ಮಾತಾಡೋಕೆ ಆಗ್ಬೇಕು, ಹಾಡು ಹೇಳೋಕೆ ಆಗಬಾರದು. ಇದು ಮಧ್ಯಮ. ಒಂದೆರಡು ಪದಕ್ಕೇ ಉಸಿರು ಹಿಡಿಯೋ ಹಾಗಾದರೆ ಅದು ಜೋರು. ಜೋರಿನ ಮಟ್ಟಕ್ಕೆ ಹೋಗುವ ಮುಂಚೆ ಹೃದಯದ ತಪಾಸಣೆ ಮಾಡಿಸಿ ಡಾಕ್ಟರ್ ಒಪ್ಪಿಗೆ ತಗೊಳ್ಳಿ.

ಜೋರು ಯಾಕೆ ಬೇಕು? ಅಮೆರಿಕದಲ್ಲಿ 128 ಜನರ ಮೇಲೆ ಆರು ತಿಂಗಳು ನಡೆದ ಒಂದು ಪ್ರಯೋಗದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಇವರೆಲ್ಲ ಕಾಯಿಲೆಯ ಶುರುವಿನಲ್ಲಿದ್ದು ಇನ್ನೂ ಮಾತ್ರೆ ಶುರು ಮಾಡದವರು. ಒಂದು ಗುಂಪು ವಾರಕ್ಕೆ ನಾಲ್ಕು ದಿನದ ಗುರಿ ಇಟ್ಟುಕೊಂಡು, ಎದೆಬಡಿತದ ಗರಿಷ್ಠ ಮಟ್ಟದ ಶೇ. 80-85ರಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಯಿತು. ಆ ಗುಂಪಿನ ಲಕ್ಷಣಗಳು ಹೆಚ್ಚೂಕಡಿಮೆ ಇದ್ದಲ್ಲೇ ಇದ್ದವು. ಎಂದಿನ ಹಾಗೇ ಇದ್ದ ಗುಂಪಿನಲ್ಲಿ ಹೆಚ್ಚಾದವು. ಮರುವರ್ಷ ನೆದರ್ಲೆಂಡ್ಸ್‌ನಿಂದ ಬಂದ ಇನ್ನೊಂದು ವರದಿಯಲ್ಲೂ ಇದೇ ಧಾಟಿ. ಅಲ್ಲಿ 130 ಜನ ಪಾಲ್ಗೊಂಡಿದ್ದರು. ಮನೆಯಲ್ಲೇ ನಿಂತ ಸೈಕಲ್ ತುಳಿದವರು ವಾರಕ್ಕೆ ಮೂರು ದಿನ, 30-45 ನಿಮಿಷ ತುಳಿದರು. ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಅವರ ಚಲನೆ ಚೆನ್ನಾಗಿ ಉಳಿಯಿತು. ವ್ಯಾಯಾಮ ಕಾಯಿಲೆಯನ್ನೇ ನಿಲ್ಲಿಸುತ್ತೆ ಅಂತ ಇದರಿಂದ ಹೇಳೋಕಾಗಲ್ಲ, ಆರು ತಿಂಗಳ ಪ್ರಯೋಗಗಳಿವು. ಆದರೆ ಕೂತಿರೋದಕ್ಕಿಂತ ಮಾಡೋದು ಮೇಲು ಅನ್ನೋದಕ್ಕೆ ಇಷ್ಟು ಸಾಕು.

ಮಳೆಗಾಲಕ್ಕೆ ನಾವು ಅಪ್ಪನ ಹಳೇ ಸೈಕಲ್ಲಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಅಗಲವಾದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಹಿಂದಿನ ಚಕ್ರ ನೆಲ ಬಿಟ್ಟು ತಿರುಗೋ ಹಾಗೆ ನಿಲ್ಲಿಸಿದೀವಿ. ಸೈಕಲ್ಲಿನದೇ ಸ್ಟ್ಯಾಂಡ್ ನಂಬಬೇಡಿ, ವಾಲುತ್ತೆ.

2. ಬಲದ ವ್ಯಾಯಾಮ: ವಾರಕ್ಕೆ 2-3 ದಿನ, ನಡುವೆ ಒಂದು ದಿನ ಬಿಟ್ಟು. ಬೆನ್ನು, ತೊಡೆ, ಕುಂಡಿ, ಭುಜದ ಹಿಂಭಾಗದ ಸ್ನಾಯುಗಳು ಮುಖ್ಯ, ಯಾಕಂದ್ರೆ ಮೈಯನ್ನ ನೆಟ್ಟಗೆ ನಿಲ್ಲಿಸೋದು ಅವೇ. ಕುರ್ಚಿಯಿಂದ ಕೈ ಊರದೆ ಏಳೋದು ಕೂರೋದು 10 ಸಲ. ಗೋಡೆಗೆ ಕೈ ಕೊಟ್ಟು ತಳ್ಳೋದು 10 ಸಲ. ಒಂದು ಲೀಟರ್ ನೀರಿನ ಬಾಟಲಿ ಎರಡು ಕೈಲಿ ಹಿಡಿದು ಮೊಣಕೈ ಹಿಂದಕ್ಕೆ ಎಳೆದು ಬೆನ್ನಿನ ರೆಕ್ಕೆ ಕೂಡಿಸೋದು 10 ಸಲ. ಸುಲಭ ಆದಾಗ ಎರಡನೇ ಸುತ್ತು, ಮೂರನೇ ಸುತ್ತು. ಉಸಿರು ಹಿಡಿದು ಮಾಡಬಾರದು.

3. ಸಮತೋಲನ ಮತ್ತು ಚುರುಕು: ವಾರಕ್ಕೆ 2-3 ದಿನ, ಆದರೆ ದಿನಾ ಸ್ವಲ್ಪ ಮಾಡಿದರೆ ಇನ್ನೂ ಒಳ್ಳೇದು. ಅಡಿಗೆಮನೆ ಕಟ್ಟೆ ಹಿಡಿದು ಒಂದು ಕಾಲ ಮೇಲೆ ನಿಲ್ಲೋದು, ಮೈಭಾರ ಎಡಕ್ಕೆ ಬಲಕ್ಕೆ ನಿಧಾನಕ್ಕೆ ಬದಲಿಸೋದು, ಅಡ್ಡ ಹೆಜ್ಜೆ ಹಾಕೋದು. ಅಮೆರಿಕದ ಆರೆಗಾನ್‌ನಲ್ಲಿ 195 ಜನರ ಜೊತೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚೀನಾದ ತೈ ಚಿ ಅನ್ನುವ ನಿಧಾನ ಚಲನೆಯ ವ್ಯಾಯಾಮವನ್ನ ವಾರಕ್ಕೆ ಎರಡು ಸಲ 24 ವಾರ ಮಾಡಿದವರು, ಬರೀ ಮೈ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು. ತೈ ಚಿ ಕಲಿಸೋರು ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಅದರ ತಿರುಳು ಮಾತ್ರ ತಗೊಂಡಿದೀವಿ: ನಿಧಾನ, ಗಮನ, ಮೈಭಾರವನ್ನ ಬೇಕು ಅಂತಲೇ ಒಂದು ಕಾಲಿಂದ ಇನ್ನೊಂದಕ್ಕೆ ಸಾಗಿಸೋದು. ಈ ಬಗೆ ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

4. ಮೈ ಎಳೆಯೋದು: ದಿನಾ. ಎದೆ, ತೊಡೆ ಹಿಂಭಾಗ, ಮೀನಖಂಡ, ಕುತ್ತಿಗೆ. ಅಪ್ಪ ಬೆಳಗ್ಗೆ ಗೋಡೆಗೆ ಬೆನ್ನು, ಭುಜ, ತಲೆ ತಾಗಿಸಿ ಎರಡು ನಿಮಿಷ ನಿಲ್ತಾರೆ. ಶುರುವಲ್ಲಿ ತಲೆಗೂ ಗೋಡೆಗೂ ನಾಲ್ಕು ಬೆರಳು ಜಾಗ ಇತ್ತು.

ದೊಡ್ಡದಾಗಿ ಮಾಡೋದೇ ಮದ್ದು

ಮೇಲಿನ ನಾಲ್ಕೂ ಯಾವ ವಯಸ್ಸಾದವರಿಗೂ ಒಳ್ಳೇದೇ. ಪಾರ್ಕಿನ್ಸನ್‌ಗೆ ಅಂತಲೇ ಗುರಿ ಇಟ್ಟದ್ದು ಅಂದ್ರೆ ಚಲನೆಯ ಅಳತೆ ಹಿಗ್ಗಿಸೋದು.

ಇದರ ಮೂಲ ಮಾತಿನ ಚಿಕಿತ್ಸೆಯಲ್ಲಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಲೀ ಸಿಲ್ವರ್‌ಮನ್ ಅನ್ನುವ ರೋಗಿಯ ಹೆಸರಲ್ಲಿ ಒಂದು ಧ್ವನಿ ಚಿಕಿತ್ಸೆ ಶುರುವಾಯಿತು. ರೋಗಿಗೆ ಹತ್ತು ಸೂಚನೆ ಕೊಡಲ್ಲ, ಒಂದೇ ಮಾತು: "ಜೋರಾಗಿ." ಆಮೇಲೆ ಅದನ್ನೇ ಕೈಕಾಲಿಗೆ ತಂದರು. ಅಲ್ಲೂ ಒಂದೇ ಮಾತು: "ದೊಡ್ಡದಾಗಿ." ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ನಾಲ್ಕು ವಾರ, ಒಟ್ಟು 16 ಪಾಠ. 2010ರಲ್ಲಿ ಬರ್ಲಿನ್‌ನಲ್ಲಿ ಸುಮಾರು 60 ಜನರಲ್ಲಿ ಇದನ್ನ ಹೋಲಿಸಿ ನೋಡಿದಾಗ, ಕೋಲು ಹಿಡಿದು ಗುಂಪಲ್ಲಿ ನಡೆದವರಿಗಿಂತ, ಮನೆಯಲ್ಲಿ ತಾವೇ ವ್ಯಾಯಾಮ ಮಾಡಿದವರಿಗಿಂತ ಈ ಗುಂಪಿನ ಚಲನೆ ಹೆಚ್ಚು ಸುಧಾರಿಸಿತ್ತು.

ನಮ್ಮ ಮೇಡಂ ಇದೇ ತತ್ವದ ಮೇಲೆ ಅಪ್ಪನಿಗೆ ಹೇಳಿಕೊಟ್ಟದ್ದು ಇಷ್ಟು. ನಿಮ್ಮವರಿಗೆ ಯಾವುದು ಎಷ್ಟು ಅನ್ನೋದನ್ನ ಫಿಸಿಯೋಥೆರಪಿಸ್ಟ್ ನೋಡಿಯೇ ಹೇಳ್ಬೇಕು.

- ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ನೆಲದ ಕಡೆ ಚಾಚಿ, ಅಲ್ಲಿಂದ ಸೂರು ಮುಟ್ಟೋ ಹಾಗೆ ಮೇಲಕ್ಕೆತ್ತಿ, ಬೆರಳೆಲ್ಲ ಅಗಲಿಸಿ 10 ಎಣಿಸೋದು. 8 ಸಲ. ಎಣಿಕೆ ಕೂಗಿ ಹೇಳ್ಬೇಕು, ಗಂಟಲಿಗೂ ವ್ಯಾಯಾಮ.
- ಕೂತಲ್ಲೇ ಒಂದು ಕೈಯನ್ನ ದೂರದ ಬಾಳೆಗೊನೆ ಹಿಡಿಯೋ ಹಾಗೆ ಅಡ್ಡಕ್ಕೆ ಚಾಚಿ ಸೊಂಟ ತಿರುಗಿಸೋದು. ಎರಡೂ ಕಡೆ 8 ಸಲ.
- ನಿಂತು, ಒಂದು ಕಾಲು ಮುಂದಕ್ಕೆ ದೊಡ್ಡದಾಗಿ ಇಟ್ಟು ಕೈ ಎರಡೂ ಅಗಲಿಸಿ, ವಾಪಸ್ ಬರೋದು. ಹಿಮ್ಮಡಿ ಮೊದಲು ನೆಲಕ್ಕೆ. ಮುಂದೆ, ಪಕ್ಕಕ್ಕೆ, ಹಿಂದೆ. ಹಿಂದಕ್ಕೆ ಹಾಕುವಾಗ ಕಟ್ಟೆ ಹಿಡಿದೇ.
- ದಿನದ ಐದು ಕೆಲಸ ದೊಡ್ಡದಾಗಿ ಮಾಡೋದು. ಅಪ್ಪ ಆರಿಸಿಕೊಂಡದ್ದು: ಟವಲ್ ಝಾಡಿಸಿ ಹೆಗಲಿಗೆ ಹಾಕೋದು, ಅಂಗಿ ತೋಳಿಗೆ ಕೈ ತೂರಿಸೋದು, ಚೊಂಬು ಎತ್ತೋದು, ಮಂಚದಿಂದ ಏಳೋದು, ಲೆಕ್ಕದ ಪುಸ್ತಕದಲ್ಲಿ ಎರಡು ಗೆರೆ ತುಂಬೋ ಹಾಗೆ ಬರೆಯೋದು.

"ಅತಿ ಆಯ್ತು, ನಾಟಕದೋರ ಥರ ಕಾಣುತ್ತೆ" ಅಂತ ಅಪ್ಪನಿಗೆ ನಾಚಿಕೆ. ಅತಿ ಅನ್ನಿಸಿದಾಗಲೇ ಅದು ಸರಿ ಅಳತೆ ಅಂತ ಮೇಡಂ ವೀಡಿಯೋ ಮಾಡಿ ತೋರಿಸಿದರು. ವೀಡಿಯೋದಲ್ಲಿ ನೋಡಿದರೆ ಬೇರೆ ಯಾರೋ ಮಾಮೂಲಿಯಾಗಿ ನಡೆದ ಹಾಗಿತ್ತು. ಮೀಟರು ತಪ್ಪು ತೋರಿಸ್ತಿದೆ ಅಂತ ಅಪ್ಪ ನಂಬಿದ್ದು ಅವತ್ತು.

ಕಾಲು ನೆಲಕ್ಕೆ ಅಂಟಿದಾಗ

ಪಾರ್ಕಿನ್ಸನ್ ಇರುವ ಕೆಲವರು ನಡೀತಾ ನಡೀತಾ ತಟ್ಟನೆ ನಿಂತುಬಿಡ್ತಾರೆ. ಮೈ ಮುಂದೆ ಹೋಗುತ್ತೆ, ಪಾದ ನೆಲಕ್ಕೆ ಅಂಟಿದ ಹಾಗೆ. ಬಾಗಿಲು, ಇಕ್ಕಟ್ಟು, ತಿರುಗುವ ಜಾಗ, ಯಾರಾದರೂ ಅವಸರ ಮಾಡಿದಾಗ ಹೆಚ್ಚು. ಅಪ್ಪನಿಗೆ ನಡುಮನೆಯ ಹೊಸ್ತಿಲೇ ದೊಡ್ಡ ಬೆಟ್ಟ.

ವಿಚಿತ್ರ ನೋಡಿ. ಹೊಸ್ತಿಲಲ್ಲಿ ನಿಂತುಬಿಡೋ ಅದೇ ಮನುಷ್ಯ ತೋಟದಲ್ಲಿ ಡ್ರಿಪ್ಪಿನ ಲ್ಯಾಟರಲ್ ಪೈಪುಗಳನ್ನ ಒಂದಾದ ಮೇಲೆ ಒಂದು ಸಲೀಸಾಗಿ ದಾಟ್ಕೊಂಡು ಹೋಗೋರು. ಅಮ್ಮ ಅಂತೂ, "ಮನೇಲಿ ಮಾತ್ರ ಬೇಕು ಅಂತ ಮಾಡ್ತಾರೆ" ಅಂತ ಬೇಜಾರಾಗಿದ್ದಳು. ಬೇಕು ಅಂತ ಮಾಡ್ತಿರಲಿಲ್ಲ. ಕಣ್ಣಿಗೆ ಒಂದು ಗೆರೆ ಕಂಡು, ಅದನ್ನ ದಾಟಬೇಕು ಅನ್ನೋ ಗುರಿ ಸಿಕ್ಕಿದರೆ, ಮಿದುಳು ಕೆಟ್ಟಿರೋ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿಯುತ್ತೆ. ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ 58 ವರ್ಷದ ಒಬ್ಬ ರೋಗಿಯ ಬಗ್ಗೆ ಬರೆದರು. ನಾಲ್ಕು ಹೆಜ್ಜೆ ನಡೆಯೋಕೂ ಒದ್ದಾಡುವ ಮನುಷ್ಯ, ಸೈಕಲ್ ಹತ್ತಿಸಿದರೆ ಆರಾಮಾಗಿ ತುಳಿದುಕೊಂಡು ಹೋಗಿ ತಿರುಗಿ ಬರ್ತಿದ್ದ.

ನಾವು ಮಾಡಿದ್ದು: ಹೊಸ್ತಿಲ ಆಚೆ ಈಚೆ ನೆಲಕ್ಕೆ ಹಳದಿ ಟೇಪು, ಒಂದೊಂದು ಹೆಜ್ಜೆ ದೂರಕ್ಕೆ ಅಡ್ಡಗೆರೆ. ಖರ್ಚು ಒಂದು ಟೇಪಿನ ಸುರುಳಿ. ಮಾರನೇ ದಿನದಿಂದಲೇ ಅಪ್ಪ ಆ ಗೆರೆ ನೋಡ್ಕೊಂಡು ದಾಟೋಕೆ ಶುರು ಮಾಡಿದರು.

ಕಿವಿಗೂ ಇದೇ ಉಪಾಯ. ಒಂದು, ಎರಡು, ಒಂದು, ಎರಡು ಅಂತ ತಾಳಕ್ಕೆ ಎಣಿಸೋದು. ಫೋನಿನಲ್ಲಿ ಮೆಟ್ರೊನೋಮ್ ಅಂತ ಹುಡುಕಿದರೆ ಟಿಕ್ ಟಿಕ್ ತಾಳ ಕೊಡುವ ಉಚಿತ ಆ್ಯಪ್‌ಗಳಿವೆ. ಅವರ ಮಾಮೂಲಿ ಹೆಜ್ಜೆಯ ವೇಗಕ್ಕೆ ಇಟ್ಟು ಶುರು ಮಾಡಿ. ಅಪ್ಪನಿಗೆ ಟಿಕ್ ಟಿಕ್ ಹಿಡಿಸಲಿಲ್ಲ, ಭಜನೆ ತಾಳ ಹಿಡಿಸಿತು.

ಕಾಲು ಅಂಟಿದಾಗ ಕೈ ಹಿಡಿದು ಎಳೀಬೇಡಿ, ಮುಂದಕ್ಕೆ ಬೀಳ್ತಾರೆ. ಈ ನಾಲ್ಕು ಹೇಳಿಕೊಡಿ: ನಿಲ್ಲು. ನೆಟ್ಟಗಾಗು. ಮೈಭಾರ ಅತ್ತಿತ್ತ ಆಡಿಸು. ಆಮೇಲೆ ಒಂದೇ ದೊಡ್ಡ ಹೆಜ್ಜೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೀಬಾರದು, ಎತ್ತಿನ ಗಾಡಿ ತಿರುಗಿಸಿದ ಹಾಗೆ ಅಗಲವಾಗಿ ಸುತ್ತು ಹಾಕ್ಬೇಕು. ನಡೆಯುವಾಗ ಕೈಯಲ್ಲಿ ಬಿಂದಿಗೆ, ಕಿವಿಯಲ್ಲಿ ಫೋನು ಎರಡೂ ಬೇಡ. ಒಂದು ಸಲಕ್ಕೆ ಒಂದೇ ಕೆಲಸ.

ಮಾತ್ರೆ, ಊಟ, ವ್ಯಾಯಾಮ: ಸಮಯ ಹೊಂದಿಸಿ

ಸ್ಪ್ರೇಗೆ ಸಮಯ ನೋಡ್ತೀವಲ್ಲ, ಹಾಗೇ ಇದಕ್ಕೂ. ಬಹಳ ಜನಕ್ಕೆ ಕೊಡೋ ಮಾತ್ರೆ ಲೆವೊಡೋಪಾ. ಅದು ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತೆ. ಮಾತ್ರೆ ಕೆಲಸ ಮಾಡ್ತಿರೋ ಹೊತ್ತಲ್ಲೇ ವ್ಯಾಯಾಮ ಮಾಡಿಸಿ. ಅಪ್ಪನಿಗೆ ಮಾತ್ರೆ ನುಂಗಿ ಒಂದು ಗಂಟೆ ಆದ ಮೇಲೆ ಮೈ ಹಗುರ. ನಿಮ್ಮವರಿಗೆ ಯಾವಾಗ ಅಂತ ಒಂದು ವಾರ ಬರೆದಿಟ್ಟು ನೋಡಿ.

ಬೇಳೆಕಾಳು, ಮೊಟ್ಟೆ, ಮಾಂಸದ ಪ್ರೋಟೀನು ಈ ಮಾತ್ರೆ ಒಳಗೆ ಹೀರಿಕೊಳ್ಳೋದಕ್ಕೆ ಅಡ್ಡ ಬರಬಹುದು. ಅವರೆಕಾಳು ಸಾರು ಮುದ್ದೆ ಉಂಡು ಮೇಲೆ ಮಾತ್ರೆ ತಗೊಂಡ ದಿನ ಅಪ್ಪನಿಗೆ ಮಾತ್ರೆ ಹತ್ತುತ್ತಲೇ ಇರಲಿಲ್ಲ. ಈಗ ಡಾಕ್ಟರ್ ಹೇಳಿದ ಹಾಗೆ ಊಟಕ್ಕೆ ಅರ್ಧ ಗಂಟೆ ಮುಂಚೆ. ಪ್ರೋಟೀನು ಬಿಡಿಸಬೇಡಿ, ಸ್ನಾಯುಗಳಿಗೆ ಅದು ಬೇಕು. ಹೊತ್ತು ಮಾತ್ರ ಬದಲಾಯಿಸಿ, ಅದೂ ಡಾಕ್ಟರನ್ನ ಕೇಳಿ.

ಇನ್ನೊಂದು ಮಾತು ನಮ್ಮ ತೋಟದೋರಿಗೆ. ನೆಲಹೊದಿಕೆಗೆ ಬೆಳೆಸೋ ನಸುಗುನ್ನಿ ಬೀಜದಲ್ಲಿ ನಿಜವಾಗಲೂ ಲೆವೊಡೋಪಾ ಇದೆ. ಅಂತ ಬೀಜ ಪುಡಿ ಮಾಡಿ ಕೊಡೋಕೆ ಹೋಗಬೇಡಿ. ಬೀಜದಿಂದ ಬೀಜಕ್ಕೆ ಪ್ರಮಾಣ ಬದಲಾಗುತ್ತೆ, ಈಗಿನ ಮಾತ್ರೆ ಜೊತೆ ಸೇರಿ ಡೋಸು ಹೆಚ್ಚಾದರೆ ವಾಂತಿ, ಭ್ರಮೆ, ರಕ್ತದೊತ್ತಡ ಕುಸಿಯೋದು ಎಲ್ಲಾ ಆಗಬಹುದು. ಹಾಗೇ, ವ್ಯಾಯಾಮದಿಂದ ಚೆನ್ನಾಗಾದರು ಅಂತ ಮಾತ್ರೆ ತಾವಾಗೇ ನಿಲ್ಲಿಸೋದೂ ಅಪಾಯ.

ಜಾಗ್ರತೆ

- ಈ ಕಾಯಿಲೆಯಲ್ಲಿ ಎದ್ದು ನಿಂತ ತಕ್ಷಣ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಎದ್ದು ಕೂತು, ಒಂದು ನಿಮಿಷ ತಡೆದು ಆಮೇಲೆ ನಿಲ್ಲಲಿ.
- ಬಾವಿ ಕಟ್ಟೆ, ಕೃಷಿ ಹೊಂಡ, ಪಾಚಿ ಕಟ್ಟಿದ ಕಾಲುವೆ ಪಕ್ಕ ನಡಿಗೆ ಬೇಡ. ಏಣಿ, ಮರ, ಮೇವು ಕತ್ತರಿಸೋ ಯಂತ್ರ, ಟ್ರ್ಯಾಕ್ಟರ್ ವಿಷಯ ಡಾಕ್ಟರ್ ಜೊತೆ ಮಾತಾಡಿ ತೀರ್ಮಾನಿಸಿ.
- ಬಿಸಿಲು ಏರುವ ಮುಂಚೆ ಮುಗಿಸಿ. ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ ಅಥವಾ ಶೂ, ಹವಾಯಿ ಬೇಡ.
- ಎದೆನೋವು, ವಿಪರೀತ ಉಸಿರು ಕಟ್ಟೋದು, ಕಣ್ಣು ಕತ್ತಲೆ ಬಂದರೆ ನಿಲ್ಲಿಸಿ ಆಸ್ಪತ್ರೆಗೆ.
- ಈಗಾಗಲೇ ಬೀಳ್ತಾ ಇದ್ದರೆ ಮೊದಲು ಫಿಸಿಯೋಥೆರಪಿಸ್ಟ್ ನೋಡಲಿ, ಆಮೇಲೆ ವ್ಯಾಯಾಮ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗದ ಜೊತೆ ನರರೋಗಿಗಳ ಪುನಶ್ಚೇತನ ವಿಭಾಗವೂ ಇದೆ.

ಫೋನು ನಿಮ್ಮ ಕೈಯಲ್ಲೇ ಇದೆ

ಬೆಳೆ ಫೋಟೋ ತಿಂಗಳು ತಿಂಗಳು ತೆಗೀತೀವಲ್ಲ, ಹಾಗೇ ಪ್ರತಿ ತಿಂಗಳ 1ನೇ ತಾರೀಖು ಒಂದೇ ಜಾಗದಲ್ಲಿ, ಮಾತ್ರೆ ತಗೊಂಡು ಅಷ್ಟೇ ಹೊತ್ತಾದ ಮೇಲೆ ಒಂದು ವೀಡಿಯೋ ಮಾಡಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲಿ. ಎಷ್ಟು ಸೆಕೆಂಡು ಅಂತ ಬರೆದಿಡಿ. ಕೈ ಬೀಸುತ್ತಾ, ತಿರುಗೋಕೆ ಎಷ್ಟು ಹೆಜ್ಜೆ ಅಂತ ನೋಡಿ. ಮುಂದಿನ ಸಲ ಡಾಕ್ಟರಿಗೆ ಇದನ್ನ ತೋರಿಸಿದರೆ ಅವರ ಕೆಲಸ ಅರ್ಧ ಹಗುರ.

ಕಷ್ಟ ಇರೋದು ಬಿಡದೆ ಮಾಡಿಸೋದರಲ್ಲಿ. ಪಾರ್ಕಿನ್ಸನ್‌ನಲ್ಲಿ ಬೇಜಾರು, ಉತ್ಸಾಹ ಇಲ್ಲದಿರೋದು ಕಾಯಿಲೆಯದೇ ಭಾಗ, ಸೋಮಾರಿತನ ಅಲ್ಲ. "ಮಾಡು" ಅಂದರೆ ಅಪ್ಪ ಮಾಡಲ್ಲ. "ಬಾ ಹೋಗೋಣ" ಅಂದರೆ ಬರ್ತಾರೆ. ಅದಕ್ಕೇ ಬೆಳಗ್ಗೆ ಏಳರಿಂದ ಏಳೂವರೆ ನಾನೂ ಅವರ ಜೊತೆ. ಆ ಅರ್ಧ ಗಂಟೆ ಫೋನು ಜೇಬಲ್ಲಿ.

ಇದನ್ನ ಇಲ್ಲಿ ಯಾಕೆ ಬರೆದೆ?

ಈ ಕಾಯಿಲೆಗೂ ನಮ್ಮ ಕಸುಬಿಗೂ ನಂಟಿದೆ. ಪ್ಯಾರಾಕ್ವಾಟ್ ಕಳೆನಾಶಕ ಅಥವಾ ರೊಟೆನೋನ್ ಕೀಟನಾಶಕ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡುಬಂತು ಅಂತ ಅಮೆರಿಕದ ಅಧ್ಯಯನವೊಂದು 2011ರಲ್ಲಿ ಹೇಳಿತು. ಫ್ರಾನ್ಸ್ 2012ರಲ್ಲಿ ಕೀಟನಾಶಕ ಬಳಸಿದ ರೈತರ ಪಾರ್ಕಿನ್ಸನ್ನನ್ನ ಕಸುಬಿನ ಕಾಯಿಲೆ ಅಂತ ಒಪ್ಪಿಕೊಂಡಿತು. ಸಾವಯವದೋರು ಬೀಗಬೇಕಾಗಿಲ್ಲ. ರೊಟೆನೋನ್ ಗಿಡದ ಬೇರಿಂದ ತೆಗೆದದ್ದು, ಒಂದು ಕಾಲಕ್ಕೆ ಸಾವಯವ ಅಂತಲೇ ಬಳಸ್ತಿದ್ದರು. ಅಪ್ಪ ನಾನು ಊರಿಗೆ ಬರೋ ಮುಂಚೆ ಬರಿಗೈಲಿ ಎಷ್ಟೋ ಔಷಧಿ ಕಲೆಸಿದವರು. ಅವರಿಗೆ ಅದರಿಂದಲೇ ಬಂತು ಅಂತ ಯಾರೂ ಹೇಳೋಕಾಗಲ್ಲ. ಆದರೆ ನೀವು ಏನೇ ಸಿಂಪಡಿಸಿ, ಕೈಗವಸು, ಮಾಸ್ಕು, ಪೂರ್ತಿ ತೋಳಿನ ಅಂಗಿ ಇಲ್ಲದೆ ಡ್ರಮ್ಮಿನ ಹತ್ತಿರ ಹೋಗಬೇಡಿ.

ಅಪ್ಪ ಗುಣ ಆಗಿಲ್ಲ. ಇದು ಗುಣ ಆಗೋ ಕಾಯಿಲೆ ಅಲ್ಲ. ಕಳೆದ ವರ್ಷ ಮಾತ್ರೆ ಡೋಸು ಒಂದು ಸಲ ಏರಿಸಿದ್ದಾರೆ. ಜ್ವರ ಬಂದು ಹತ್ತು ದಿನ ವ್ಯಾಯಾಮ ತಪ್ಪಿದಾಗ ಮತ್ತೆ ಮೈ ಕಟ್ಟಿಕೊಂಡಿತು, ದಾರಿಗೆ ಬರೋಕೆ ಒಂದು ತಿಂಗಳು ಹಿಡೀತು. ಆದರೆ ಬಿದ್ದು ಒಂದೂವರೆ ವರ್ಷ ಆಯ್ತು. ಅಂಗಿ ಗುಂಡಿ ಅವರೇ ಹಾಕ್ಕೋತಾರೆ. ಹತ್ತು ನಿಮಿಷ ಹಿಡಿಯುತ್ತೆ, ಅಮ್ಮ ಈಗ ಕೈ ಹಾಕಲ್ಲ.

ಮೊನ್ನೆ ಕಾಯಿ ಕಿತ್ತಾಗ ಲೆಕ್ಕ ಬರೆದದ್ದೂ ಅಪ್ಪನೇ. ಎರಡು ಗೆರೆ ತುಂಬ ದಪ್ಪ ದಪ್ಪ ಅಂಕಿ. ಕಾಯಿ ವ್ಯಾಪಾರಿ ದೂರದಿಂದಲೇ ಓದಿದ.

ಇವತ್ತು ಸಂಜೆ ಮನೆಯ ಹಿರಿಯರನ್ನ ನಡೆಸಿ ಒಂದು ನಿಮಿಷ ನೋಡಿ. ಎರಡೂ ಕೈ ಬೀಸ್ತಾ ಇದೆಯಾ? ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ, ತೆಂಗಿನ ನುಸಿ ಬಗ್ಗೆ.